ಜಂಬಣ್ಣನ ಮನೆಯಲ್ಲಿ ಕೂಗಿದ್ದು ಯಾರು

ಕೊಟ್ಟೂರಿನ ಹಳೇ ಓಣಿಯ ಜಂಬಣ್ಣನ ಮನೆಗೆ ದೆವ್ವ ಹೊಕ್ಕು ನಲವತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಕಿವಿಯಾರೆ ಕೇಳಿದವರು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋದರು. ಚಹಾದಂಗಡಿಯ ಹುಲುಗಣ್ಣ ಮೊದಮೊದಲು ಒಂದು ಕೂಗು ಕೇಳಿದೆನೆಂದು ಹೇಳುತ್ತಿದ್ದವನು, ಈಗ ಮೂರು ಕೂಗು, ಗೆಜ್ಜೆ ಸದ್ದು, ಜೊತೆಗೆ ಮಲ್ಲಿಗೆ ವಾಸನೆಯನ್ನೂ ಸೇರಿಸಿಕೊಂಡಿದ್ದ. ಅವನ ಚಹಾ ನೀರಾಗಿದ್ದರೂ ಕಥೆ ಗಟ್ಟಿಯಾಗಿರುತ್ತಿತ್ತು.

ಆ ಮನೆಗೆ ದೆವ್ವ ಹೊಗಿಸಿದವನು ಎದುರಿನ ತಗಡಿನ ಅಂಗಡಿಯಲ್ಲಿ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದ. ಹೆಸರು ದಾವಲ್ ಸಾಬ್, ವಯಸ್ಸು ಅರವತ್ತೈದು. ದೇವರಂಥ ಮನುಷ್ಯ ಎಂದು ಓಣಿಯೆಲ್ಲ ಹೇಳುತ್ತಿತ್ತು. ಹಾಗೆಂದಾಗಲೆಲ್ಲ ಅವನು ತಲೆ ತಗ್ಗಿಸಿ ಯಾವುದೋ ಸ್ಕ್ರೂ ಹುಡುಕುತ್ತಿದ್ದ.

ಆದದ್ದು ಇಷ್ಟು. ದಾವಲ್ ಸಾಬನಿಗೆ ಆಗ ಇಪ್ಪತ್ತೈದು. ರಿಪೇರಿಯಾದ ವಾಲ್ವ್ ರೇಡಿಯೋವನ್ನು ಒಂದು ಇಡೀ ಹಗಲು ಪೂರ್ತಿ ದನಿಯಲ್ಲಿ ಓಡಿಸಿ ನೋಡದೆ ಅವನು ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಕೆಡುವ ವಾಲ್ವು ತನ್ನ ಕಣ್ಣೆದುರೇ ಕೆಡಲಿ ಎಂಬುದು ಅವನ ಹಟ. ಆದರೆ ತಗಡಿನಂಗಡಿಯಲ್ಲಿ ಪೂರ್ತಿ ದನಿ ಹಾಕಿದರೆ ತಗಡೇ ಬಡಿದುಕೊಳ್ಳುತ್ತಿತ್ತು, ಏರಿಯಲ್ ತಂತಿ ಕಟ್ಟುವಷ್ಟು ಎತ್ತರವೂ ಇರಲಿಲ್ಲ. ಎದುರಿಗೆ ಶೇಂಗಾ ವ್ಯಾಪಾರಿ ಜಂಬಣ್ಣನ ಮಣ್ಣಿನ ಮಾಳಿಗೆ ಮನೆ ಇತ್ತು. ಒಂದೂವರೆ ಮೊಳದ ಗೋಡೆ, ನಡುಮನೆಗೆ ಒಂದೇ ಒಂದು ಬೆಳಕಿಂಡಿ. ಆ ಬೇಸಿಗೆಯಲ್ಲಿ ಜಂಬಣ್ಣ ಮಗಳು ನಾಗಲಿಂಗಮ್ಮನನ್ನು ಕರೆದುಕೊಂಡು ತಂಗಿಯ ಮನೆಯ ಮದುವೆಗೆಂದು ಹೂವಿನಹಡಗಲಿಗೆ ಹೊರಟಾಗ, ಬೀಗದಕೈಯನ್ನು ದಾವಲ್ ಸಾಬನ ಅಂಗೈಯಲ್ಲಿಟ್ಟು, "ಮನಿ ಕಡೆ ನಿಗಾ ಇರ್ಲೆಪ್ಪಾ" ಎಂದಿದ್ದ. ಜಂಬಣ್ಣನ ಹೆಂಡತಿ ಕೊಟ್ರಮ್ಮ ಅದೇ ಮನೆಯಲ್ಲಿ ಕಾಮಾಲೆಯಾಗಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ದಾವಲ್ ಸಾಬ್ ನಿಗಾ ಇಟ್ಟ. ಜೊತೆಗೆ ಮಾಳಿಗೆ ಹತ್ತಿ ಆ ತುದಿಯಿಂದ ಈ ತುದಿಗೆ ತಾಮ್ರದ ತಂತಿ ಎಳೆದು, ನಡುಮನೆಯಲ್ಲಿ ಒಂದು ರೇಡಿಯೋವನ್ನೂ ಇಟ್ಟ. ಅವತ್ತು ಭಾನುವಾರ. ಮಧ್ಯಾಹ್ನ ಎರಡೂವರೆಗೆ 'ಒಂಬತ್ತಂಕಣದ ಮನೆ' ಎಂಬ ಪತ್ತೇದಾರಿ ನಾಟಕದ ಕೊನೆಯ ಕಂತು. ಹದಿಮೂರು ವಾರ ಬಿಡದೆ ಕೇಳಿದ್ದ ನಾಟಕ. ಒಂದು ಮನೆ, ಅದರಲ್ಲಿ ದೆವ್ವವಿದೆಯೆಂಬ ಪುಕಾರು, ಅದನ್ನು ಬಯಲಿಗೆಳೆಯಲು ಬಂದ ವಿಶ್ವಂಭರ ಎಂಬ ಪತ್ತೇದಾರ. ದಾವಲ್ ಸಾಬ್ ರೇಡಿಯೋಗೆ ಟೇಪ್ ರೆಕಾರ್ಡರ್ ಜೋಡಿಸಿ, ಎರಡನ್ನೂ ಓಡಲು ಬಿಟ್ಟು, ಊಟ ಮಾಡಿ ಬಂದರಾಯಿತು ಎಂದು ಮನೆಗೆ ಹೋದ.

ನಾಟಕದ ಮಾತೆಲ್ಲ ಆ ದಪ್ಪ ಗೋಡೆಗಳಲ್ಲೇ ಇಂಗಿಹೋಯಿತು. ಅದರೊಳಗಿನ ಹೆಂಗಸಿನ ಕೂಗು ಮಾತ್ರ ಬೆಳಕಿಂಡಿಯಿಂದ ಮೇಲೆದ್ದು ಓಣಿಯ ಮೇಲೆ ಬಿತ್ತು: ಒಬ್ಬಳನ್ನೇ ಬಿಟ್ಟು ಹೋಗಬೇಡಿ ಎಂಬ ಕೂಗು. ಬೀಗ ಹಾಕಿದ ಮನೆ, ಸುಡುವ ಬಿಸಿಲು, ವರ್ಷ ತುಂಬದ ಸಾವು. ಜನಕ್ಕೆ ಇನ್ನೇನು ಬೇಕು? ಇದು ರೇಡಿಯೋ ಕಣ್ರೋ ಎನ್ನಲು ಬೇರೆ ಯಾರೂ ಆ ನಾಟಕ ಕೇಳುತ್ತಿರಲಿಲ್ಲ. ಓಣಿಯಲ್ಲಿ ಇದ್ದದ್ದೇ ಮೂರು ರೇಡಿಯೋ. ಎರಡು ದಾವಲ್ ಸಾಬನ ಅಂಗಡಿಯಲ್ಲಿ ಬಿಚ್ಚಿಕೊಂಡು ಕೂತಿದ್ದವು, ಮೂರನೆಯದೇ ಕೂಗಿದ್ದು.

ಊಟ ಮುಗಿಸಿ ಬಂದ ದಾವಲ್ ಸಾಬ್ ಬಾಗಿಲ ಮುಂದೆ ನೆರೆದ ಮಂದಿಯನ್ನು ಕಂಡು ಹೌಹಾರಿದ. ಹಿತ್ತಿಲಿನಿಂದ ನುಸುಳಿ ಮೇನ್ ಸ್ವಿಚ್ ಎಳೆದುಬಿಟ್ಟ. ಒಳಗಿನ ಗುಜುಗುಜು ತಟ್ಟನೆ ನಿಂತದ್ದೇ ಸಾಕಾಯಿತು. ಬಾಗಿಲಿಗೆ ಕಾಯಿ ಒಡೆದಿದ್ದಕ್ಕೇ ಕೊಟ್ರಮ್ಮ ಸುಮ್ಮನಾದಳು ಎಂದು ಜನ ಕೈಮುಗಿದರು. ನಂಬಿ ಕೊಟ್ಟ ಮನೆಯಲ್ಲಿ ಅಂಗಡಿ ಹೂಡಿದ್ದನ್ನು ಯಾವ ಬಾಯಿಂದ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಹಡಗಲಿ ಮುಟ್ಟಿತ್ತು. ಜಂಬಣ್ಣ ತಂಗಿಯ ಊರಲ್ಲೇ ನೆಲೆ ನಿಂತ. ನಾಳೆ ಎಂಬುದು ನಲವತ್ತು ವರ್ಷ ಬರಲೇ ಇಲ್ಲ.

ಈಗ ನಾಗಲಿಂಗಮ್ಮ ಬಂದಿದ್ದಳು. ಹಡಗಲಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಓಣಿಯ ಅಂಗನವಾಡಿ ಸೋರುವ ಬಾಡಿಗೆ ಕೋಣೆಯಲ್ಲಿ ನಡೆಯುತ್ತಿತ್ತು. ಅದಕ್ಕೆ ತನ್ನ ಮನೆಯನ್ನು ಅವ್ವನ ಹೆಸರಿನಲ್ಲಿ ಬಿಟ್ಟುಕೊಡುವುದೆಂದು ನಿಶ್ಚಯಿಸಿದ್ದಳು. ಎರಡು ತಿಂಗಳು ನಿಂತು ಗೋಡೆಗೆ ಸುಣ್ಣ ಬಳಿಸಿದಳು, ಆನೆ, ನವಿಲು ಬರೆಸಿದಳು. ದಿನಾ ಸಂಜೆ ಬೀಗದಕೈಯನ್ನು ದಾವಲ್ ಸಾಬನಿಗೇ ತಂದು ಕೊಡುತ್ತಿದ್ದಳು. "ನಿನ್ನ ಕಡೆನ ಇರ್ಲಿ ದಾವಲಣ್ಣ. ಅಪ್ಪ ಕೊಟ್ಟಿದ್ದು." ಆ ಬೀಗದಕೈ ತೆಗೆದುಕೊಳ್ಳುವಾಗಲೆಲ್ಲ ಅವನಿಗೆ ಬಿಸಿ ಕಾವಲಿ ಮುಟ್ಟಿದಂತಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಂಗನವಾಡಿ ಶುರುವಾಗಬೇಕಿತ್ತು. ನಾಗಲಿಂಗಮ್ಮ ಬಾಗಿಲಿಗೆ ಮಲ್ಲಿಗೆ ಮಾಲೆ ಕಟ್ಟಿ, ಡಬ್ಬಿ ತುಂಬ ಶೇಂಗಾ ಉಂಡೆ ಮಾಡಿಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಹತ್ತಾಯಿತು, ಹನ್ನೊಂದಾಯಿತು. ಒಂದು ಮಗುವೂ ಬರಲಿಲ್ಲ.

ದಾವಲ್ ಸಾಬನಿಗೆ ಬುತ್ತಿ ತಂದ ಸೊಸೆ ಅಫ್ರೀನ್ ಆ ಕಡೆ ನೋಡಿ ದನಿ ತಗ್ಗಿಸಿದಳು. "ಪಾಪ ಅನಸ್ತೈತಿ ಮಾಮಾ. ಆದ್ರ ನಮ್ಮ ಶಬ್ನಮ್‌ನ ಅಲ್ಲಿಗೆ ಕಳಸಾಕ ನನಗ ಧೈರ್ಯ ಇಲ್ಲ. ಮೂರು ವರ್ಷದ ಕೂಸು."

ತಾನು ಹೊಗಿಸಿದ ದೆವ್ವ ತನ್ನ ಮೊಮ್ಮಗಳ ದಾರಿಗೇ ಅಡ್ಡ ನಿಂತಿತ್ತು. ದಾವಲ್ ಸಾಬ್ ಬುತ್ತಿ ಮುಚ್ಚಿಟ್ಟ. ಕೈ ತೊಳೆದು ಎದ್ದು ಹೋಗಿ ನಾಗಲಿಂಗಮ್ಮನ ಕಟ್ಟೆಯ ಮೇಲೆ ಕೂತ.

"ಸಂಜಿ ಬಸ್ಸಿಗೆ ಹೊಂಟೆ ದಾವಲಣ್ಣ," ಎಂದಳು ಅವಳು, ಬೀಗದಕೈಯನ್ನು ಅವನ ಅಂಗೈಗೆ ಹಾಕುತ್ತ. "ಮನಿ ಮಾರಿಬಿಡ್ತೀನಿ. ಕೆಡವಿ ಏನರ ಕಟ್ಟಿಕೊಳ್ಳಲಿ."

"ಇನ್ನೆರಡು ದಿನ ನೋಡವ್ವ."

"ಏನು ನೋಡೋದು? ನಮ್ಮವ್ವ 'ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ' ಅಂತ ಕೂಗಿದ್ಲಂತ. ನಾ ಆವತ್ತು ಹಡಗಲ್ಯಾಗ ಮದುವಿ ಉಂಡಿ ಕಟ್ಟಿಕೋತ ಕುಂತಿದ್ದೆ. ಅದು ಒಂದು ದಿನಾನೂ ಮರ್ತಿಲ್ಲ ನಾನು. ಹುಡುಗರು ಬಂದು ಗದ್ದಲ ಮಾಡಿದ್ರ ಆಕಿ ಒಬ್ಬಾಕಿ ಆಗಂಗಿಲ್ಲಲ್ಲ ಅಂದ್ಕೊಂಡೆ. ಅದೂ ಆಗ್ಲಿಲ್ಲ."

ದಾವಲ್ ಸಾಬ್ ಅವಳ ಮುಖ ನೋಡಿದ. ಇಷ್ಟು ದಿನ ತಾನು ಒಂದು ಮನೆಯ ಹೆಸರು ಕೆಡಿಸಿದೆನೆಂದಷ್ಟೇ ಅವನು ತಿಳಿದಿದ್ದ. ಈ ಹೆಣ್ಣುಮಗಳು ತಾಯಿಯನ್ನು ಬಿಟ್ಟು ಹೋದ ಪಾಪವನ್ನು ಹದಿನೆಂಟನೇ ವಯಸ್ಸಿನಿಂದ ಹೊತ್ತುಕೊಂಡು ತಿರುಗುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

"ನಾಲ್ಕು ಗಂಟೆವರಿಗೂ ಇರವ್ವ," ಎಂದು ಎದ್ದ.

ಆವತ್ತು ನಾಟಕ ತುಂಬಿಕೊಂಡಿದ್ದ ಕ್ಯಾಸೆಟ್ಟು, ಅವನ ಅಂಗಡಿಯ ಟ್ರಂಕಿನ ತಳದಲ್ಲಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಇತ್ತು. ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡಿದ್ದ, ಎಸೆಯಲಾಗಿರಲಿಲ್ಲ. ಟೇಪು ಎರಡು ಕಡೆ ಅಂಟಿಕೊಂಡಿತ್ತು. ಬಿಚ್ಚಿ, ಹತ್ತಿಯಿಂದ ಒರೆಸಿ, ಬೇರೆ ಡಬ್ಬಿಗೆ ಸುತ್ತಿದ. ಪ್ಲೇಯರಿಗೆ ಹೊಸ ಬೆಲ್ಟು ಹಾಕಿದ. ಆಮೇಲೆ ಹುಲುಗಣ್ಣನ ಅಂಗಡಿಗೆ ಹೋಗಿ, "ನಾಲ್ಕಕ್ಕ ಜಂಬಣ್ಣನ ಮನ್ಯಾಗ ದೆವ್ವ ಕೂಗತೈತಿ, ಎಲ್ಲಾರಿಗೂ ಹೇಳು" ಎಂದ. ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಹುಲುಗಣ್ಣನನ್ನು ಮೀರಿಸುವವರಿಲ್ಲ.

ನಾಲ್ಕಕ್ಕೆ ಓಣಿ ತುಂಬಿತ್ತು. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು ದೂರ ನಿಂತಿದ್ದರು. ದಾವಲ್ ಸಾಬ್ ಪ್ಲೇಯರನ್ನು ಜಂಬಣ್ಣನ ಹೊಸ್ತಿಲ ಮೇಲಿಟ್ಟು, ದನಿಯನ್ನು ಪೂರ್ತಿ ಏರಿಸಿದ. ಮೊದಲು ಗೊರಗೊರ ಸದ್ದು, ಆಮೇಲೆ ಬಾಗಿಲು ಕಿರುಗುಟ್ಟಿತು, ಗಾಳಿ ಬೀಸಿತು, ಇಬ್ಬರು ಮಾತಾಡಿದರು. ಒಮ್ಮೆಲೇ ಹೆಂಗಸಿನ ದನಿ ಕಿತ್ತುಕೊಂಡು ಬಂತು.

"ಅಯ್ಯೋ! ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬೇಡಿ!"

ಮಂದಿ ಹಿಂದಕ್ಕೆ ಸರಿಯಿತು. ಹುಲುಗಣ್ಣನ ಕೈಯ ಲೋಟ ಕೆಳಗೆ ಬಿತ್ತು. "ಇದಾ! ಇದಾ ದನಿ! ನಾ ಕೇಳಿದ್ದು ಇದಾ!"

ಟೇಪು ಓಡುತ್ತಲೇ ಇತ್ತು. ಏನೇನೋ ಮಾತು, ಸದ್ದು ಬಂದುಹೋದ ಮೇಲೆ ಪತ್ತೇದಾರ ವಿಶ್ವಂಭರನ ಗಂಭೀರ ದನಿ ಹೊರಬಂತು. "ಈ ಮನೆಯಲ್ಲಿ ದೆವ್ವವಿಲ್ಲ. ಎಂದೂ ಇರಲಿಲ್ಲ. ಇದನ್ನೆಲ್ಲ ಮಾಡಿದವನು ಇಲ್ಲೇ, ನಿಮ್ಮ ನಡುವೆಯೇ, ನಿಮ್ಮ ನಂಬಿಕೆ ಗಳಿಸಿಕೊಂಡು ನಿಂತಿದ್ದಾನೆ. ಅವನ ಹೆಸರು..."

ದನಿ ತಟ್ಟನೆ ಕಡಿದುಹೋಯಿತು. ನಲವತ್ತು ವರ್ಷದ ಕೆಳಗೆ ದಾವಲ್ ಸಾಬ್ ಸ್ವಿಚ್ ಎಳೆದದ್ದು ಅಲ್ಲಿಗೇ. ಆ ನಾಟಕದ ಕಳ್ಳ ಯಾರೆಂದು ಅವನಿಗೂ ಇವತ್ತಿನವರೆಗೆ ಗೊತ್ತಿಲ್ಲ.

"ಯಾರಂತ?" ಎಂದ ಹುಲುಗಣ್ಣ ಉಸಿರು ಬಿಗಿಹಿಡಿದು. "ಮುಂದ ಹಚ್ಚಲೇ!"

"ಮುಂದ ಇಲ್ಲ," ಎಂದ ದಾವಲ್ ಸಾಬ್. ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅವ ನಾನು. ಜಂಬಣ್ಣ ನಂಬಿ ಬೀಗದಕೈ ಕೊಟ್ಟಿದ್ದ. ನಾ ರೇಡಿಯೋ ತಂದಿಟ್ಟು ಹಚ್ಚಿ ಊಟಕ್ಕ ಹೋದೆ. ನೀವು ಕೇಳಿದ್ದು ನಾಟಕ. ಬಂದು ಸ್ವಿಚ್ ತಗದವನೂ ನಾನು. ಬೈಸಿಕೊಳ್ಳಾಕ ಅಂಜಿ ಬಾಯಿ ಮುಚ್ಚಿಕೊಂಡೆ. ಕೊಟ್ರಮ್ಮ ತಾಯಿ ದೆವ್ವ ಆಗಿಲ್ಲ, ಆಕಿ ಯಾರನ್ನೂ ಕರದಿಲ್ಲ. ಸುಳ್ಳು ಅನ್ನೋರು ಮಾಳಿಗಿ ಹತ್ತಿ ನೋಡ್ರಿ, ನನ್ನ ತಾಮ್ರದ ತಂತಿ ಇನ್ನೂ ಅಲ್ಲೇ ಐತಿ."

ಹುಲುಗಣ್ಣ ಒಂದು ಸಲ ಬಾಯಿ ತೆರೆದು ಮುಚ್ಚಿಕೊಂಡ. ಗೆಜ್ಜೆ ಸದ್ದು, ಮಲ್ಲಿಗೆ ವಾಸನೆ ಎಲ್ಲಿಂದ ಬಂದವೆಂದು ಪುಣ್ಯಕ್ಕೆ ಯಾರೂ ಅವನನ್ನು ಕೇಳಲಿಲ್ಲ.

ನಾಗಲಿಂಗಮ್ಮ ಮುಂದೆ ಬಂದಳು. "ಇನ್ನೊಂದ್ಸಲ ಹಚ್ಚು."

ಹಚ್ಚಿದ. ಆ ಕೂಗನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಮತ್ತೊಂದು ಸಲ ಹಚ್ಚಿಸಿದಳು. ಮೂರನೇ ಸಲಕ್ಕೆ ಕಣ್ಣು ತೆರೆದಳು.

"ನಮ್ಮವ್ವ ಅಲ್ಲ," ಎಂದಳು. "ಯಾರೋ ಪ್ಯಾಟಿ ಹೆಂಗಸು, ಹೊಟ್ಟಿ ತುಂಬಾ ಉಂಡು ಕೂಗ್ಯಾಳ. ನಮ್ಮವ್ವ ಅಲ್ಲ ಇದು." ಹಾಗೆನ್ನುತ್ತ ಕಟ್ಟೆಯ ಮೇಲೆ ಕುಸಿದು ಕೂತು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಫ್ರೀನ್ ಓಡಿ ಬಂದು ಅವಳ ಬೆನ್ನು ಸವರಿದಳು.

ಅಳು ನಿಂತ ಮೇಲೆ ನಾಗಲಿಂಗಮ್ಮ ದಾವಲ್ ಸಾಬನ ಕಡೆ ನೋಡಿದಳು. "ನಲವತ್ತು ವರ್ಷ ದಾವಲಣ್ಣ. ನಮ್ಮಪ್ಪ ಇದನ್ನ ಕೇಳದ ಸತ್ತ."

ದಾವಲ್ ಸಾಬ್ ಕೈಮುಗಿದು ನಿಂತ.

ಅಷ್ಟರಲ್ಲಿ ಅಫ್ರೀನಳ ಕೈ ಬಿಡಿಸಿಕೊಂಡ ಶಬ್ನಮ್ ಹೊಸ್ತಿಲು ದಾಟಿ ಒಳಗೆ ಹೋಗಿ, ಗೋಡೆಯ ಆನೆಯ ಸೊಂಡಿಲಿಗೆ ಕೈಯಿಟ್ಟಿತು. ಅಫ್ರೀನ್ ಕರೆಯಲು ಬಾಯಿ ತೆರೆದವಳು ಸುಮ್ಮನಾದಳು. ಅದರ ಹಿಂದೆ ಇನ್ನೊಂದು ಮಗು ಹೋಯಿತು, ಆಮೇಲೆ ನಾಲ್ಕೈದು. ನಾಗಲಿಂಗಮ್ಮ ಕಣ್ಣೊರೆಸಿಕೊಂಡು ಎದ್ದು, ಡಬ್ಬಿ ತಂದು ಎಲ್ಲರಿಗೂ ಒಂದೊಂದು ಉಂಡೆ ಹಂಚಿದಳು. ಹುಲುಗಣ್ಣನಿಗೂ ಸಿಕ್ಕಿತು. ದಾವಲ್ ಸಾಬನೆದುರು ಬಂದಾಗ ಡಬ್ಬಿಯ ಮುಚ್ಚಳ ಹಾಕಿದಳು.

"ನಿನಗ ಇವತ್ತಿಲ್ಲ," ಎಂದಳು. "ಸಿಟ್ಟು ಇಳಿದಿಲ್ಲ ನನಗ. ನಾಳಿ ಹತ್ತಕ್ಕ ಬಾ, ಬರೂವಾಗ ಒಂದು ರೇಡಿಯೋ ತಗೊಂಡು ಬಾ. ಹುಡುಗರು ಹಾಡು ಕೇಳ್ಲಿ. ತಂತಿ ಹೆಂಗೂ ಮ್ಯಾಲ ಐತಲ್ಲ."

ದಾವಲ್ ಸಾಬ್ ತಲೆಯಾಡಿಸಿದ. ಅವನ ಮುಂದೆ ಅವಳ ಅಂಗೈ ಚಾಚಿಕೊಂಡೇ ಇತ್ತು. ಒಂದು ಗಳಿಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಜೇಬಿನಿಂದ ಜಂಬಣ್ಣನ ಬೀಗದಕೈ ತೆಗೆದು ಅಲ್ಲಿಟ್ಟ. ನಾಗಲಿಂಗಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳ ಕಡೆ ಹೋದಳು.