ಮಾತು ಬಂದ ಖಾನೆಗಳು

ತಗಡು ತಣ್ಣಗಿದೆ, ನೂಲಿನ ಕಪಾಟಿನ ಬೆಳಗಿನ ತಗಡು, ಬೆರಳು ಖಾನೆಯಿಂದ ಖಾನೆಗೆ ಜಾರುತ್ತಿದೆ, ಮೂರನೇ ಸಾಲು, ಅಲ್ಲ ನಾಲ್ಕನೆಯದು, ಬೆನ್ನ ಹಿಂದೆ ಮಸಿಯಂಥ ನೀಲಿ ಕೇಳಿ ನಿಂತ ದರ್ಜಿಯ ಉಸಿರು, ಬಾಗಿಲಲ್ಲಿ ತಮ್ಮನ ಚಪ್ಪಲಿಯ ಚಡಪಡಿಕೆ, ಪಾಪ, ಅಕ್ಕ ಎಡವಲಿ ಎಂದಲ್ಲ, ಎಡವಿದರೆ ಕಣ್ಣಾರೆ ನೋಡಬೇಕಲ್ಲ ಎಂಬ ಸಂಕಟ ಅವನಿಗೆ — ಹೋದ ತಿಂಗಳು ಇದೇ ದರ್ಜಿಗೆ ನೀಲಿ ಎಂದು ಹಸಿರು ನೂಲು ಕೊಟ್ಟಿದ್ದಳು, ಇಪ್ಪತ್ತಾರು ವರ್ಷ ನೂಲಿನಂಗಡಿ ನಡೆಸಿದವಳು, ನೀಲಿಯಲ್ಲೇ ಹನ್ನೊಂದು ಬಗೆಯನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದವಳು, ಕಣ್ಣಿನ ಮಬ್ಬು ಅಂಚಿನಿಂದ ಶುರುವಾಗಿ ನಡುವಿಗೂ ಬಂದು ಈಗ ಬರೀ ಬೆಳಕೊಂದನ್ನು ಉಳಿಸಿದೆ, ಇಡೀ ಕೋಟು ಬಿಚ್ಚಬೇಕಾಯ್ತು ಅಕ್ಕಾವ್ರೇ ಎಂದು ದರ್ಜಿ ಮೆಲ್ಲಗೆ ಹೇಳಿದ್ದ, ಆ ಮೆಲುದನಿಯೇ ಕಪಾಳಕ್ಕೆ ಬಾರಿಸಿದಂತಿತ್ತು, ಅಂದೇ ತಮ್ಮ, ಸಾಕಕ್ಕ, ಅಂಗಡಿ ಬಾಡಿಗೆಗೆ ಕೊಡೋಣ, ನಿನ್ನ ನಾನು ನೋಡ್ಕೊಳಲ್ವಾ — ನೋಡಿಕೊಳ್ಳುವುದಂತೆ, ಅವಳೇನು ಕುಂಡದ ಗಿಡವೇ?

ಮಗಳು ಹಾಗೆನ್ನಲಿಲ್ಲ, ಅವಳು ಕೆಲಸ ಮಾಡುವ ಗೋದಾಮಿನಲ್ಲಿ ಪೆಟ್ಟಿಗೆಗೊಂದು ಚೀಟಿ, ಫೋನು ತಾಗಿಸಿದರೆ ಒಳಗೇನಿದೆ, ಎಲ್ಲಿಂದ ಬಂತು ಎಲ್ಲಾ ಗೊತ್ತಾಗುತ್ತದೆ, ಎನ್‌ಎಫ್‌ಸಿ ಟ್ಯಾಗ್ ಅಂತಾರಮ್ಮ ಎಂದು ನಾಣ್ಯದಗಲದ ಅಂಟುಚೀಟಿಯನ್ನು ಅಂಗೈಯಲ್ಲಿಟ್ಟಳು, ಬ್ಯಾಟರಿ ಎಲ್ಲೇ, ಬ್ಯಾಟರಿ ಇಲ್ಲಮ್ಮ, ಒಳಗೆ ತಂತಿ ಸುರುಳಿ ಇದೆ, ಫೋನ್ ಹತ್ರ ಬಂದ್ರೆ ಅದರಿಂದಲೇ ಶಕ್ತಿ ಹೀರ್ಕೊಂಡು ಎಚ್ಚರ ಆಗತ್ತೆ, ಬರೆದಿಟ್ಟಿದ್ದನ್ನ ಫೋನಿಗೆ ಕೊಟ್ಟು ಮತ್ತೆ ಮಲಗತ್ತೆ, ಫೋನು ಅದನ್ನ ಓದಿ ಹೇಳತ್ತೆ, ಎರಡು ಬೆರಳು ದೂರ ಹೋದ್ರೆ ಏಳೋದೇ ಇಲ್ಲ — ಸುರುಳಿ ಇವಳಿಗೇನು ಹೊಸದೇ, ಆಯುಷ್ಯವಿಡೀ ಸುತ್ತಿದ್ದು ಅದನ್ನೇ — ನೂರಿಪ್ಪತ್ತು ಚೀಟಿ ಅಂಟಿಸಿ ಫೋನು ಹಿಡಿದರೆ ಒಂದೂ ಬಾಯಿ ಬಿಡಲಿಲ್ಲ, ತಮ್ಮ ನಿಟ್ಟುಸಿರಿಟ್ಟ, ಮಗಳು ತಲೆ ಚಚ್ಚಿಕೊಂಡು, ಅಯ್ಯೋ ತಗಡಮ್ಮಾ, ಫೋನು ಕೊಡೋ ಶಕ್ತಿ ಎಲ್ಲಾನೂ ಕಬ್ಬಿಣ ನುಂಗ್ಬಿಡತ್ತೆ, ಎಂದು ಅಷ್ಟನ್ನೂ ಕಿತ್ತು, ಬೆನ್ನಿಗೆ ತಗಡನ್ನು ತಡೆಯುವ ಕರಿ ಪದರವಿರುವ ಬೇರೆ ಚೀಟಿ ತಂದಳು, ಆಮೇಲೆ ಮೂರು ಭಾನುವಾರ, ಮಗಳು ಬಣ್ಣ ಹೇಳುವುದು, ಇವಳು ಹೆಸರಿಡುವುದು, ಮಗಳು ಅದನ್ನು ಚೀಟಿಗೆ ತುಂಬುವುದು, ಹಸಿಗೋಡೆ ಬೂದು, ಆರಿದ ಮಸಿಯ ನೀಲಿ, ನಂಬರ್ ಸಾಕಮ್ಮ, ಸಾಲದು ಕಣೇ, ನಂಬರಲ್ಲಿ ನಂಗೆ ಬಣ್ಣ ಕಾಣಲ್ಲ.

ಟಿಣ್, ನಾಲ್ಕನೇ ಸಾಲಿನ ಚೀಟಿ ಎಚ್ಚರವಾಯ್ತು — ನಲವತ್ತೇಳು, ಆರಿದ ಮಸಿಯ ನೀಲಿ, ಎಂದಿತು ಫೋನು, ಗಂಟಲಿಲ್ಲದ ದನಿಯಲ್ಲಿ, ಉಂಡೆ ತೆಗೆದು ಕೊಟ್ಟಳು, ದರ್ಜಿ ಅದನ್ನು ಬಾಗಿಲ ಬೆಳಕಿಗೊಯ್ದ, ತಾನು ತಂದ ಬಟ್ಟೆಯ ಚೂರಿಗೆ ಹಿಡಿದು ನೋಡುತ್ತಿರಬೇಕು, ಎಷ್ಟು ಹೊತ್ತು ನೋಡುತ್ತಾನಪ್ಪ ಈ ಮಹಾರಾಯ — ಇದೇ, ಎಂದ, ಇದೇ ಅಕ್ಕಾವ್ರೇ, ಇನ್ನೂ ನಾಲ್ಕು ಬೇಕು, ಬರ್ಕೊಳಿ, ಬರೆಯೋದೇನು ಬಂತು, ಹೇಳ್ತಾ ಹೋಗಪ್ಪ, ಎಂದಳು, ಟಿಣ್ ಟಿಣ್, ಕೈ ಈಗ ಹುಡುಕುತ್ತಿಲ್ಲ, ಹಾರುತ್ತಿದೆ, ಕೊನೆಯದಕ್ಕೆ ಫೋನು, ಹನ್ನೆರಡು, ಮುನಿಸಿಕೊಂಡ ಕೆಂಪು, ಎಂದದ್ದೇ ತಡ ದರ್ಜಿ ಹೊಟ್ಟೆ ಹಿಡಿದು ನಕ್ಕ, ಅವಳಿಗೂ ತಡೆಯಲಾಗಲಿಲ್ಲ, ತಮ್ಮನ ಫೋನು ಬಡಿದುಕೊಂಡಿತು, ಅಂಗಡಿ ಬಾಡಿಗೆಗೆ ಕೇಳಿದವನದೇ ಇರಬೇಕು, ಅವಳು ನಗು ನಿಲ್ಲಿಸಿದಳು, ಇಲ್ಲ ಸ್ವಾಮಿ, ಕೊಡೋದಿಲ್ಲ, ಅಂಗಡಿ ನಡೀತಾ ಇದೆ, ಎಂದ ತಮ್ಮ, ನಡೀತಾ ಇದೆ ಎಂದ, ತನ್ನ ಬಾಯಿಂದಲೇ, ಆಮೇಲೆ ಹತ್ತಿರ ಬಂದು ಚಿಕ್ಕಂದಿನ ದನಿಯಲ್ಲಿ, ಅಕ್ಕ, ಮುನಿಸಿಕೊಂಡ ಕೆಂಪು ಅಂದ್ರೆ ಹೇಗಿರತ್ತೇ? — ಹೇಗಿರುತ್ತದೆ, ಹೇಳಲು ಬಾಯಿ ತೆರೆದಳು, ಉಂಡೆ ಮುಷ್ಟಿಯಲ್ಲಿತ್ತು, ಮಬ್ಬೆಲ್ಲ ಎತ್ತಲೋ ಸರಿದು ಅದು ಒಳಗಣ್ಣಿನೆದುರು ಬಂದು ನಿಂತಿತು, ಅಂಚು ಸಮೇತ, ಹೊಳಪು ಸಮೇತ, ಕೆಂಪು, ಎಳೆಎಳೆಯಾಗಿ ಕೆಂಪು, ಬೇರೇನೂ ಇಲ್ಲ, ಕೆಂಪು —