ಮರದ ತುಂಡಿಗೆ ಏನೂ ಆಗಿಲ್ಲ

ವಿಮಾನ ನಿಲ್ದಾಣದ ರೈಲು ಗಂಟೆಗೆ ಇನ್ನೂರು ಕಿಲೋಮೀಟರ್ ಓಡುತ್ತೆ. ಅದನ್ನ ಗುಡಿಸಿ ಒರೆಸೋ ನಮಗೆ ಬೋಗಿಗೆ ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷದಲ್ಲೇ ಮೂರನೇ ಬೋಗಿಯ ಬಾಗಿಲು ನಮ್ಮತ್ತಿಗೆಯ ಎರಡು ಬೆರಳು ಕಚ್ಚಿಕೊಂಡಿತು. ಅತ್ತಿಗೆ ಕೂಗಿದ್ದು ಟಿಕೆಟ್ ಕೌಂಟರಿನವರೆಗೂ ಕೇಳಿಸಿತು. ಡ್ರೈವರ್ ಓಡಿಬಂದು ಗುಂಡಿ ಒತ್ತಿದ ಮೇಲೇ ಬಿಟ್ಟಿದ್ದು.

ಅಡ್ಡ ಏನಾದರೂ ಸಿಕ್ಕರೆ ಬಾಗಿಲು ತಾನೇ ತೆರೆದುಕೊಳ್ಳಬೇಕಂತೆ. ದಿನಾ ಪರೀಕ್ಷೆ ಮಾಡ್ತಾರೆ, ಸುಳ್ಳು ಹೇಳಬಾರದು. ಇಟ್ಟಿಗೆ ದಪ್ಪದ ಮರದ ತುಂಡು ಇಡ್ತಾರೆ, ಬಾಗಿಲು ಮರ್ಯಾದೆಯಿಂದ ತೆರೆದುಕೊಳ್ಳುತ್ತೆ, ಟಿಕ್ ಹಾಕ್ತಾರೆ. ಇಟ್ಟಿಗೆ ದಪ್ಪದ ಬೆರಳಿರೋ ಪ್ರಯಾಣಿಕರಿಗೆ ಏನೂ ಭಯವಿಲ್ಲ! ಮಕ್ಕಳ ಕೈ, ಬ್ಯಾಗಿನ ಪಟ್ಟಿ ಸಿಕ್ಕಿಕೊಂಡರೆ ಮಾತ್ರ ಅವರವರ ಹಣೆಬರಹ. ಸಣ್ಣದು ಸಿಕ್ಕರೆ ಬಾಗಿಲು ತೆರೆಯಲ್ಲ ಅಂತ ಮೇಲಿನವರಿಗೆ ಮೂರು ಸಲ ಹೇಳಿದ್ದೆವು. "ನೀವು ಗುಡಿಸೋಕೆ ಬಂದಿದ್ದೀರೋ, ರಿಪೇರಿಗೋ?" ಅಂದಿದ್ದರು.

ಸುರಕ್ಷತಾ ಅಧಿಕಾರಿ ಏದುಸಿರು ಬಿಡುತ್ತಾ ಬಂದರು. ಪಾಪ, ಎಷ್ಟು ಕಾಳಜಿ! ಕೈಯಲ್ಲಿ ಬ್ಯಾಂಡೇಜ್ ಇರಲಿಲ್ಲ, ಕಾಗದ ಇತ್ತು.

"ಬಾಗಿಲು ಸರಿಯಿದೆ, ತಪ್ಪು ನಂದೇ ಅಂತ ಸಹಿ ಹಾಕಮ್ಮ. ರೈಲು ಬಿಡಬೇಕು. ಜನ ವಿಮಾನ ಹಿಡೀಬೇಕು."

"ಹಾಕದಿದ್ರೆ?"

"ನಾಳೆಯಿಂದ ಬರಬೇಡ."

ಅಣ್ಣ ಸೊಂಟ ಮುರಿದುಕೊಂಡು ಮಲಗಿ ವರ್ಷವಾಗಿತ್ತು. ಆ ಮನೆಯಲ್ಲಿ ದುಡಿಯೋರು ಅತ್ತಿಗೆ ಒಬ್ಬರೇ.

"ಸಹಿ ಹಾಕೋ ಬೆರಳೇ ಜಜ್ಜಿಹೋಗಿದೆ ಸಾರ್," ಅಂದೆ ನಾನು.

"ಹೆಬ್ಬೆಟ್ಟು ಚೆನ್ನಾಗೇ ಇದೆಯಲ್ಲ!"

ಪ್ಲಾಟ್‌ಫಾರ್ಮಿನ ಹಳದಿ ಗೆರೆಯಾಚೆ ಜನ ಸೂಟ್‌ಕೇಸ್ ಹಿಡಿದು ಕಾಯುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ಆಗಲೇ ಗೆರೆ ದಾಟಿ ಬಂದು ಬಾಗಿಲಿನ ರಬ್ಬರ್ ಪಟ್ಟಿ ಮುಟ್ಟಿ ಆಡುತ್ತಿದ್ದಳು. ಅತ್ತಿಗೆ ಅವಳನ್ನೇ ನೋಡಿದರು.

"ಒತ್ತುತ್ತೀನಿ ಸಾರ್," ಅಂದರು. "ಬಾಗಿಲು ಸರಿಯಿದೆ ತಾನೆ? ಮೊದಲು ನಿಮ್ಮ ಬೆರಳು ಅಡ್ಡ ಇಡಿ."

"ಏಯ್, ತಲೆ ಕೆಟ್ಟಿದೆಯಾ? ಇರು, ಮರದ ತುಂಡು ತರಿಸ್ತೀನಿ."

"ಅದಕ್ಕೇನೂ ಆಗಿಲ್ಲ ಬಿಡಿ. ರೈಲು ಹತ್ತೋರು ಮನುಷ್ಯರು."

ಗುಡಿಸೋ ನಾವು ಏಳೂ ಜನ ಪೊರಕೆ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತೆವು. ಅತ್ತಿಗೆ ರಕ್ತ ಸೋರುತ್ತಿದ್ದ ಕೈಯನ್ನ ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದರು. ಹುಡುಗಿಯ ಅಪ್ಪ ಮಗಳನ್ನ ಸರಕ್ಕನೆ ಹಿಂದಕ್ಕೆಳೆದುಕೊಂಡ.

"ಎಲ್ಲರನ್ನೂ ಮನೆಗೆ ಕಳಿಸ್ತೀನಿ!" ಅಧಿಕಾರಿ ಕಿರುಚಿದರು.

"ಅದು ಆಮೇಲೆ," ಅಂದ ಹುಡುಗಿಯ ಅಪ್ಪ. "ಮೊದಲು ಬೆರಳಿಡಿ ಸಾರ್. ನಾವೂ ನೋಡ್ತೀವಿ."

"ಇಡಿ, ಇಡಿ!" ಪ್ಲಾಟ್‌ಫಾರ್ಮ್ ತುಂಬ ಕೂಗೆದ್ದಿತು. ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದ.

ಸುರಕ್ಷತಾ ಅಧಿಕಾರಿ ಎರಡೂ ಕೈಗಳನ್ನ ಪ್ಯಾಂಟಿನ ಜೇಬಿಗೆ ತುರುಕಿಕೊಂಡರು.