ಉಪ್ಪಿನ ಮಡಕೆ ಹೊರಗಿಟ್ಟ ಮನೆ

ಕೊಟ್ಟೂರಿನ ಮಂಡಕ್ಕಿ ಭಟ್ಟಿಯ ಗುರುಸಂಗಪ್ಪನ ಹೆಂಡತಿ ನೀಲಗಂಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಊರು ಹೇಳುತ್ತದೆ. ಸುಳ್ಳು. ಆಕೆಯ ಸಿಟ್ಟು ಮೂಗಿನ ಹತ್ತಿರ ಬಂದು ಕಾಯುವಂಥದ್ದಲ್ಲ, ನೇರ ಬಾಯಿಗೇ ಬರುವಂಥದ್ದು.

ಗಂಡನಿಗೆ ಬಿ.ಪಿ. ಏರಿ ಕಾಲು ಬಾತಾಗ ಕೂಡ್ಲಿಗಿಯ ಡಾಕ್ಟರು, "ಉಪ್ಪು ಬಿಡಿಸಮ್ಮ, ಇಲ್ಲದಿದ್ರೆ ಕಿಡ್ನಿ ಹೋಗುತ್ತೆ" ಎಂದಿದ್ದರು. ಮನೆಗೆ ಬಂದವಳೇ ಉಪ್ಪಿನ ಮಡಕೆ ಎತ್ತಿ ಬೀದಿಯ ಕಟ್ಟೆಯ ಮೇಲಿಟ್ಟಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂದು ನಂಬಿದವಳು. ಬೇಕಾದವರು ಕಟ್ಟೆಯಿಂದಲೇ ಒಯ್ಯಲಿ ಎಂದಳು. ಅರ್ಧ ಗಂಟೆಯಲ್ಲಿ ಊರಿಗೆಲ್ಲ ಸುದ್ದಿ. ಅಂದಿನಿಂದ ತಾನೂ ಗಂಡನ ಜೊತೆ ಸಪ್ಪೆ ಸಾರು, ಸಪ್ಪೆ ಪಲ್ಯವನ್ನೇ ಉಂಡಳು.

ನಾಲ್ಕು ತಿಂಗಳಾದರೂ ಬಾವು ಇಳಿಯಲಿಲ್ಲ. ಡಾಕ್ಟರು ಹತ್ತು ಜನರ ಎದುರು, "ಕದ್ದು ಉಪ್ಪು ಹಾಕ್ತೀಯೇನಮ್ಮ?" ಎಂದುಬಿಟ್ಟರು. ಆಕೆಗೆ ಮೈಯೆಲ್ಲ ಉರಿದುಹೋಯಿತು. ತಿರುಗಿ ಬರುವಾಗ ಬಸ್ಸಿನಲ್ಲೇ ಗಂಡನನ್ನು ಹಿಡಿದುಕೊಂಡಳು.

"ಯಾವ ಮಿರ್ಚಿ ಅಂಗಡ್ಯಾಗ ಕುಂತು ತಿಂದ್ರಿ? ಖರೇ ಹೇಳ್ರಿ."

ಗುರುಸಂಗಪ್ಪ ಕೊರಳ ಲಿಂಗ ಮುಟ್ಟಿ ಹೇಳಿದ. "ನೀ ಕೊಟ್ಟದ್ದು ಬಿಟ್ಟು ಒಂದು ಅಗಳೂ ಬಾಯಿಗೆ ಇಟ್ಟಿಲ್ಲ."

ಆತ ಹೇಳಿದ್ದು ಸತ್ಯ ಎಂಬುದು ಭಾನುವಾರ ತಿಳಿಯಿತು. ಹೂವಿನಹಡಗಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಸುಕನ್ಯಾ ಅಂದು ಬಂದಿದ್ದಳು. ಅವ್ವ ಬಿಸಿನೀರಿಗೆ ಯಾವುದೋ ಪುಡಿ ಕಲಸುತ್ತಿರುವುದು ಕಂಡಿತು.

"ಯವ್ವಾ, ಏನದು?"

"ಪಾಕೀಟಿನ ಸೂಪು. ಸಪ್ಪಿ ಸಾರು ಗಂಟಲಾಗ ಇಳಿಯಂಗಿಲ್ಲ ಅಂತಾರ ನಿಮ್ಮಪ್ಪ. ಇದಕ್ಕ ನಾ ಒಂದು ಹರಳು ಉಪ್ಪೂ ಹಾಕಂಗಿಲ್ಲ."

ಸುಕನ್ಯಾ ಪಾಕೀಟನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿ ಓದಿದಳು. "ಯಾವುದು ಹೆಚ್ಚಿಗಿ ಇರ್ತೈತೋ ಅದನ್ನ ಮೊದಲು ಬರೀತಾರವ್ವ. ಮೊದಲನೇದು ಮೆಕ್ಕಿಜೋಳದ ಹಿಟ್ಟು. ಎರಡನೇದ ಉಪ್ಪು. ತರಕಾರಿ ಏಳನೇದು! ಇದು ರುಚಿ ಬರಾಕ ಹಾಕೋ ಪುಡಿ, ಇದು ಕೆಡದಂಗ ಇಡೋ ಪುಡಿ. ಎರಡರಾಗೂ ಸೋಡಿಯಂ ಐತಿ. ಉಪ್ಪಿನಾಗ ಅಪ್ಪಗ ಕೆಡಕು ಮಾಡೋದು ಅದೇ. ಮುಂಜಾನಿ ಕೊಡ್ತೀಯಲ್ಲ ಸಿಹಿ ಬಿಸ್ಕೀಟು, ಅದರ ಸೋಡಾದಾಗೂ ಐತಿ."

ಮುಂಜಾನೆ ಬಿಸ್ಕೀಟು, ಸಂಜೆ ಸೂಪು, ನಾಲ್ಕು ತಿಂಗಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ತಿನ್ನಿಸಿದವಳು ತಾನು, ನೀರು ತುಂಬಿಕೊಂಡದ್ದು ಗಂಡನ ಕಾಲು. ಪಾಕೀಟಿನ ಮುಂದೆ ಗಜ್ಜರಿ ತರಕಾರಿಯ ಚಿತ್ರ ಅಂಗೈಯಗಲ. ಹಿಂದೆ ಉಪ್ಪಿನ ಹೆಸರು ಇರುವೆ ಕಾಲಿನಷ್ಟು, ಅದೂ ಇಂಗ್ಲಿಷಿನಲ್ಲಿ. ಲಿಂಗ ಮುಟ್ಟಿಸಿದೆನಲ್ಲ ಆ ಮನುಷ್ಯನ ಕೈಯಿಂದ ಎಂದು ಆಕೆಗೆ ಅಳುವೂ ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಪಾಕೀಟು ಹಿಡಿದು ನೇರ ಕಿರಾಣಿ ಅಂಗಡಿಗೆ ನಡೆದಳು.

ಅಂಗಡಿಯ ಶಿವಯೋಗಪ್ಪ ಹಲಗೆಯ ಮೇಲೆ ಕಾಲು ಚಾಚಿ ಕುಳಿತಿದ್ದ.

"ಏನ್ರಿ ಶಿವಯೋಗಣ್ಣ, ವಿಷ ಮಾರಾಕ ಕುಂತೀರೇನು? ನನ್ನ ಗಂಡಗ ಉಪ್ಪು ಆಗಂಗಿಲ್ಲ ಅಂತ ಊರಿಗೇ ಗೊತ್ತೈತಿ. ಇದ್ರಾಗ ಉಪ್ಪೈತಿ ಅಂತ ಹೇಳಾಕ ಏನಾಗಿತ್ತು?"

"ನನಗೆಲ್ಲಿ ಇಂಗ್ಲಿಷ್ ಬರ್ತೈತ್ರಿ ಅಕ್ಕಾರ? ಬಂದ ಮಾಲು ತೂಗುಹಾಕ್ತೀನಿ."

"ಒಳಗೇನೈತಿ ಅಂತ ಗೊತ್ತಿಲ್ಲದ್ದನ್ನ ಮಂದಿ ಹೊಟ್ಟಿಗೆ ಹಾಕ್ತೀರಿ, ನಾಚಿಕಿ ಆಗಂಗಿಲ್ಲ?"

ಶಿವಯೋಗಪ್ಪ ತಿರುಗಿ ಬೈಯಲಿಲ್ಲ. "ಬೈರಿ ಅಕ್ಕಾರ. ಆದ್ರ ನನಗೂ ಬಿ.ಪಿ. ಬಂದು ಮೂರು ತಿಂಗಳಾತು. ಸೂಪು ಗೀಪು ನನಗ ಸೇರಂಗಿಲ್ಲ. ಸಂಜಿಮುಂದ ನಿಮ್ಮ ಮಂಡಕ್ಕಿ ಒಂದ ತಿನ್ನೂದು. ಉಪ್ಪಿನ ಮಡಕಿ ಹೊರಗಿಟ್ಟ ಮನಿದು ಅಂತ ನಂಬಿಗಿ. ಬಿ.ಪಿ. ಇದ್ದವರು ಯಾರು ಬಂದ್ರೂ ಅದನ್ನ ಕೊಡ್ತೀನಿ."

ಆಗ ಆಕೆ ಅವನ ಕಾಲು ನೋಡಿದಳು. ಹರಡಿನ ಎಲುಬು ಕಾಣದಷ್ಟು ಬಾತಿತ್ತು. ಚಪ್ಪಲಿಯ ಪಟ್ಟಿಯನ್ನು ಕತ್ತರಿಸಿಕೊಂಡಿದ್ದ.

ಅವನ ತಲೆಯ ಮೇಲೆ ದಾರದಲ್ಲಿ 'ನೀಲಗಂಗಾ ಖಾರ ಮಂಡಕ್ಕಿ' ಪಾಕೀಟುಗಳು ತೂಗುತ್ತಿದ್ದವು. ಹೋದ ವರ್ಷ ಮಗ ಹಂಪೇಶ್ ಶುರುಮಾಡಿದ ವ್ಯಾಪಾರ. ಮುಂದೆ ಆಕೆಯದೇ ಫೋಟೊ, ಕೆಳಗೆ 'ಮನೆಯ ರುಚಿ'. ಒಂದನ್ನು ತಿರುಗಿಸಿ ನೋಡಿದಳು. ಹಿಂದೆ ಖಾಲಿ. ಒಳಗೇನಿದೆ ಎಂಬುದನ್ನು ಆಕೆಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಬಿಸಿ ಮರಳಿಗೆ ಬೀಳುವ ಮೊದಲೇ ಅಕ್ಕಿ ಉಪ್ಪುನೀರು ಕುಡಿದಿರುತ್ತದೆ, ಇಲ್ಲದಿದ್ದರೆ ಚೆನ್ನಾಗಿ ಅರಳುವುದಿಲ್ಲ. ಆಮೇಲೆ ಖಾರ, ಹಳದಿ ಬಣ್ಣ, ಅದೇ ರುಚಿಪುಡಿ. ಮೊದಲ ವಾರ ಮಾಲು ಹೋಗದಿದ್ದಾಗ ತಿಂದು ನೋಡಿ, "ಸಪ್ಪಗೈತಿ, ಇನ್ನೊಂದು ಹಿಡಿ ಉಪ್ಪು ಬೀಳಲಿ" ಎಂದವಳು ತಾನೇ. ಮನೆಯಿಂದ ಮಡಕೆ ಹೋಗಿತ್ತು. ಭಟ್ಟಿಯಲ್ಲಿ ಉಪ್ಪಿನ ಚೀಲಗಳು ಹಾಗೇ ಇದ್ದವು. ಅದು ಮನೆ, ಇದು ವ್ಯಾಪಾರ ಎಂದುಕೊಂಡಿದ್ದಳು.

ಆಕೆ ದಾರವನ್ನು ಹಿಡಿದು ಜಗ್ಗಿದಳು. ಪಾಕೀಟುಗಳೆಲ್ಲ ಆಕೆಯ ಮೈಮೇಲೆ ಬಿದ್ದವು.

"ನನ್ನ ಮ್ಯಾಲಿನ ಸಿಟ್ಟು ಮಂಡಕ್ಕಿ ಮ್ಯಾಲ ಯಾಕ್ರಿ ಅಕ್ಕಾರ?"

"ತಿನ್ನಬ್ಯಾಡ್ರಿ ಅಣ್ಣಾರ, ಇದ್ರಾಗ ಉಪ್ಪೈತಿ." ಆಕೆಯ ದನಿ ಇಳಿದಿತ್ತು. "ಆ ಕಂಪನಿಯವ್ರು ಸಣ್ಣ ಅಕ್ಷರದಾಗಾದ್ರೂ ಬರದಾರ. ನಾ ಅದನ್ನೂ ಬರಸಿಲ್ಲ."

ಪಾಕೀಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮನೆಯ ದಾರಿ ಬಿಟ್ಟು ಭಟ್ಟಿಯ ಕಡೆ ನಡೆದಳು.